ಹಿಂಡುವ ಕರುಳು, ಸಡಿಲುವ ಕರುಳು

ತಿಂದದ್ದು ಕರುಳಿನಲ್ಲಿ ಮುಂದೆ ಸಾಗುವುದು ಹೇಗೆ ಎಂದು ಕೇಳಿದರೆ, ಸ್ನಾಯು ಹಿಂದಿನಿಂದ ಹಿಂಡುತ್ತದೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಸುಳ್ಳಲ್ಲ, ಆದರೆ ಅರ್ಧ ಮಾತು. ಒಂದು ಶತಮಾನಕ್ಕೂ ಮೀರಿದ ಸಂಶೋಧನೆಯನ್ನು ಒಟ್ಟಿಗೆ ಇಟ್ಟು ನೋಡಿದರೆ, ಆಹಾರಕ್ಕೆ ದಿಕ್ಕು ಕೊಡುವುದು ಹಿಂಡುವ ಬಲಕ್ಕಿಂತ ಹೆಚ್ಚಾಗಿ ಮುಂದಿನ ಭಾಗದ ಸಡಿಲಿಕೆ ಎನ್ನಬೇಕಾಗುತ್ತದೆ. 1899ರಲ್ಲಿ ಲಂಡನ್ನಿನ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ನಾಯಿಯ ಕರುಳಿಗೆ ಹೊರಗಿನಿಂದ ಬರುವ ನರಗಳನ್ನು ಕತ್ತರಿಸಿ, ಒಳಗೊಂದು ಉಂಡೆ ಇಟ್ಟರು. ಉಂಡೆಯ ಹಿಂದೆ ಕರುಳು ಬಿಗಿಯಿತು, ಮುಂದೆ ಸಡಿಲಿತು, ಉಂಡೆ ಕೆಳಗೆ ಜಾರಿತು. ಮಿದುಳಿನ ಅಪ್ಪಣೆ ಬೇಕಾಗಲಿಲ್ಲ. ಸ್ನಾಯುವಿನ ಎರಡು ಪದರಗಳ ನಡುವೆ ಔರ್‌ಬಾಖ್ ಎಂಬವರು ಹಿಂದೆಯೇ ಗುರುತಿಸಿದ್ದ ನರಜಾಲವೇ ಸಾಕಾಯಿತು. ಇದಕ್ಕೆ ಅವರು ಕರುಳಿನ ನಿಯಮ ಎಂದು ಹೆಸರಿಟ್ಟರು.

ಬರೀ ಹಿಂಡಿದರೆ ಏನಾಗುತ್ತದೆ ಎಂಬುದನ್ನು ತೋರಿಸಿದವರು ಹಾರ್ವರ್ಡಿನ ವಾಲ್ಟರ್ ಕ್ಯಾನನ್. ಬಿಸ್ಮತ್ ಬೆರೆಸಿದ ಆಹಾರ ತಿನ್ನಿಸಿ ಬೆಕ್ಕುಗಳನ್ನು ಎಕ್ಸ್‌ರೇಗೆ ಒಡ್ಡಿದ ಅವರು, ಸಣ್ಣ ಕರುಳಿನಲ್ಲಿ ಆಹಾರ ತುಂಡಾಗುವುದನ್ನು, ಪಕ್ಕದ ತುಂಡುಗಳು ಕೂಡಿಕೊಳ್ಳುವುದನ್ನು, ಮತ್ತೆ ತುಂಡಾಗುವುದನ್ನು ಕಂಡು 1902ರಲ್ಲಿ ವರದಿ ಮಾಡಿದರು. ಸ್ನಾಯು ಬಿಡದೆ ದುಡಿಯುತ್ತಿತ್ತು, ಆಹಾರ ಮಾತ್ರ ಇದ್ದಲ್ಲೇ ಕಲಸಿಕೊಳ್ಳುತ್ತಿತ್ತು. ಇದಕ್ಕಿಂತ ಗಟ್ಟಿ ಸಾಕ್ಷಿ ಒಂದು ಕಾಯಿಲೆಯಲ್ಲಿದೆ. ಮಲ ಕಟ್ಟಿ, ದೊಡ್ಡ ಕರುಳು ಊದಿದ ಮಕ್ಕಳನ್ನು ಡೆನ್ಮಾರ್ಕಿನ ಹರಾಲ್ಡ್ ಹಿರ್ಷ್‌ಪ್ರುಂಗ್ 1886ರಲ್ಲಿ ವಿವರಿಸಿದರು. ಎದ್ದು ಕಾಣುತ್ತಿದ್ದುದು ಊದಿದ ಭಾಗ. 1948ರಲ್ಲಿ ಅಮೆರಿಕದ ಆರ್ವರ್ ಸ್ವೆನ್ಸನ್ ಅದರ ಕೆಳಗಿನ ಕಿರಿದಾದ ತುಂಡನ್ನು ತೆಗೆದುಹಾಕುವ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದರು, ಮಕ್ಕಳು ಚೇತರಿಸಿಕೊಂಡರು. ಆ ತುಂಡಿನಲ್ಲಿ ನರಕೋಶಗಳೇ ಇರುವುದಿಲ್ಲ. ನರವಿಲ್ಲದ ಸ್ನಾಯು ಜೋಲು ಬೀಳಬೇಕಲ್ಲವೇ? ಬೀಳುವುದಿಲ್ಲ, ಬಿಗಿದೇ ನಿಲ್ಲುತ್ತದೆ. ಕ್ಯಾಲ್ಸಿಯಂ ಒಳನುಗ್ಗಿದರೆ ಸಂಕುಚಿಸುವುದು ಈ ಸ್ನಾಯುವಿನ ಸ್ವಂತ ಗುಣ. ಅದನ್ನು ಬಿಡಿಸಲು ನರ ಬೇಕು. ಆ ನರಗಳು ಬಳಸುವ ಮುಖ್ಯ ರಾಸಾಯನಿಕ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಗೊತ್ತಾದದ್ದು 1990ರ ಸುಮಾರಿಗೆ. ಸಂಗ್ರಹಿಸಿಡಲಾಗದ, ಕ್ಷಣದಲ್ಲಿ ಕರಗುವ ವಸ್ತು ಅಷ್ಟು ಕಾಲ ಕೈಗೆ ಸಿಗದಿದ್ದುದು ಸೋಜಿಗವೇನಲ್ಲ.

ಸಡಿಲಿಕೆಯೇ ದಿಕ್ಕು ಕೊಡುತ್ತದೆ ಎಂಬ ಮಾತಿಗೊಂದು ಬಲವಾದ ಆಕ್ಷೇಪವಿದೆ. ಸ್ಪೇನಿನ ರಮೋನ್ ಇ ಕಹಾಲ್ ಗುರುತಿಸಿದ್ದ ಕೋಶಗಳು ನರದ ಹಂಗಿಲ್ಲದೆ ವಿದ್ಯುತ್ ಲಯ ಹುಟ್ಟಿಸುತ್ತವೆ: ಜಠರದಲ್ಲಿ ನಿಮಿಷಕ್ಕೆ ಸುಮಾರು 3, ಸಣ್ಣ ಕರುಳಿನ ಆರಂಭದಲ್ಲಿ ಸುಮಾರು 12, ಕೊನೆಯಲ್ಲಿ ಇನ್ನೂ ಕಡಿಮೆ. ಸಣ್ಣ ಕರುಳಿನ ಈ ಇಳಿಜಾರೇ ದಿಕ್ಕು ಕೊಡುತ್ತದೆ ಎನ್ನುವವರಿದ್ದಾರೆ. ಜಠರದ ಮಟ್ಟಿಗೆ ಲಯದ ಪಾತ್ರ ದೊಡ್ಡದೆಂದು ಒಪ್ಪೋಣ. ಆದರೆ 1990ರ ದಶಕದಲ್ಲಿ, ಜೀನು ದೋಷದಿಂದ ಸಣ್ಣ ಕರುಳಿನಲ್ಲಿ ಈ ಲಯವಿಲ್ಲದ ಇಲಿಗಳನ್ನು ಪರೀಕ್ಷಿಸಿದಾಗ ಚಲನೆ ಅಂಕೆ ತಪ್ಪಿತ್ತೇ ಹೊರತು ನಿಂತಿರಲಿಲ್ಲ; ಇಲಿಗಳು ಉಂಡು ಬದುಕಿದ್ದವು. ಹಿರ್ಷ್‌ಪ್ರುಂಗ್ ಕಾಯಿಲೆಯ ಮಗುವಿನ ಕರುಳಿನ ನರಕೋಶವಿಲ್ಲದ ತುಂಡಾದರೋ ಮುಂದೂಡುವುದೇ ಇಲ್ಲ. ಅಲ್ಲಿ ಕಹಾಲ್ ಕೋಶಗಳೂ ಕಡಿಮೆ ಎಂಬ ವರದಿಗಳುಂಟು, ಅಲ್ಲವೆನ್ನುವ ವರದಿಗಳೂ ಉಂಟು. ಹಾಗಾಗಿ ಈ ಹೋಲಿಕೆಯನ್ನು ತೀರಾ ಎಳೆಯಬಾರದು.

ಅನ್ನನಾಳದ ಕೆಳತುದಿಯ ಅಕಲೇಸಿಯಾ ಎಂಬ ಕಾಯಿಲೆಯಲ್ಲೂ ಇದೇ ಕಥೆ: ಸಡಿಲಿಸುವ ನರಗಳು ಸತ್ತು ಬಾಗಿಲು ತೆರೆಯುವುದಿಲ್ಲ, ನುಂಗಿದ್ದು ಮೇಲೇ ಉಳಿಯುತ್ತದೆ. ಜರ್ಮನಿಯ ಅರ್ನ್‌ಸ್ಟ್ ಹೆಲ್ಲರ್ 1913ರಲ್ಲಿ ಅಲ್ಲಿನ ಸ್ನಾಯುವನ್ನು ಸೀಳಿದರು. ಈಗ ಅದೇ ಕೆಲಸವನ್ನು ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಮಾಡುತ್ತಾರೆ. ಸತ್ತ ನರಕೋಶಗಳ ಜಾಗಕ್ಕೆ ಹೊಸವನ್ನು ನೆಡುವ ಪ್ರಯತ್ನ ಬಹುಪಾಲು ಇಲಿಗಳ ಮಟ್ಟದಲ್ಲೇ ಇದೆ.