ವಾಯುಸಸ್ಯಗಳ ಕೀಟಬಾಧೆ
ವಾಯುಸಸ್ಯಗಳ ಕೀಟಬಾಧೆ: ಮಣ್ಣಿಲ್ಲದೆ ಬೆಳೆಯುವ ಟಿಲ್ಯಾಂಡ್ಸಿಯ ಕುಲದ ಅಪ್ಪುಗಿಡಗಳಿಗೆ ರಸಹೀರುವ ಕೀಟಗಳಿಂದ ಆಗುವ ಹಾನಿ. ಅನಾನಸ್ ಕುಟುಂಬದ (ಬ್ರೊಮೀಲಿಯೇಸೀ) ಈ ಕುಲದ ಮೂಲನೆಲೆ ಅಮೆರಿಕ ಖಂಡಗಳು. ಭಾರತದಲ್ಲಿ ಅಲಂಕಾರಕ್ಕಾಗಿ ಬೆಳೆಸುತ್ತಾರೆ. ಹಿಟ್ಟುತಿಗಣೆ, ಶಲ್ಕಕೀಟಗಳು ಮುಖ್ಯ ಪೀಡೆಗಳು. ಕಲಬುರಗಿ ಭಾಗದಂಥ ಬಿಸಿ ಒಣಹವೆ ಹಿಟ್ಟುತಿಗಣೆಗೆ ಅನುಕೂಲ. ಎಲೆಬುಡದಲ್ಲಿ ಅರಳೆಯಂಥ ಬಿಳಿ ಮೇಣ, ಸಿಹಿ ಅಂಟು, ಇರುವೆಗಳ ಓಡಾಟ, ಎಲೆ ಹಳದಿಯಾಗುವುದು ಲಕ್ಷಣಗಳು. ಬಾಧಿತ ಗಿಡವನ್ನು ಬೇರ್ಪಡಿಸಿ, ಕೀಟಗಳನ್ನು ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ನೀರಿನಲ್ಲಿ ತೊಳೆದು, ತಲೆಕೆಳಗಾಗಿ ಒಣಗಿಸುವುದು ಹತೋಟಿ ಕ್ರಮ. ಎಲೆಯ ಮೇಲಿನ ಸೂಕ್ಷ್ಮ ರೋಮಗಳೇ ನೀರು ಹೀರುವುದರಿಂದ ದಟ್ಟ ಎಣ್ಣೆಯ ಸಿಂಪಡಣೆ ಸಲ್ಲದು. ತಾಮ್ರಯುಕ್ತ ಔಷಧಗಳು ಈ ಕುಟುಂಬಕ್ಕೆ ವಿಷಕಾರಿ. 1898ರಲ್ಲಿ ಆಸ್ಟ್ರೇಲಿಯದಿಂದ ಭಾರತಕ್ಕೆ ತಂದ ಗುಲಗಂಜಿ ಹುಳು ಕ್ರಿಪ್ಟೊಲೀಮಸ್ ಮೊಂಟ್ರೂಝಿಯೆರಿ ಹಿಟ್ಟುತಿಗಣೆಯ ನೈಸರ್ಗಿಕ ಶತ್ರು.