ಹೆಗಲ ಭಾರ ಮತ್ತು ಚಿತ್ರದ ಬೆಲೆ

ಕ್ಯಾಮೆರಾ ಕೊಳ್ಳಲು ಹೊರಟವರನ್ನು ಒಂದು ಪ್ರಶ್ನೆ ತಪ್ಪದೆ ಕಾಡುತ್ತದೆ. ಒಂದು ಕಡೆ ಮಂದ ಬೆಳಕಿನಲ್ಲೂ ನಿಚ್ಚಳವಾದ ಚಿತ್ರ ಕೊಡುವ, ಸಕಲ ಸೌಲಭ್ಯಗಳಿರುವ, ಆದರೆ ಲೆನ್ಸ್ ಸೇರಿದರೆ ಎರಡು ಮೂರು ಕಿಲೊ ತೂಗುವ ಯಂತ್ರ. ಇನ್ನೊಂದು ಕಡೆ ಗುಣದಲ್ಲಿ ಒಂದು ಮೆಟ್ಟಿಲು ಕೆಳಗಿದ್ದರೂ ಕೈಚೀಲದಲ್ಲಿ ಹಿಡಿಯುವ ಹಗುರ ಯಂತ್ರ. ಡಿಜಿಟಲ್ ಕಾಲದ ಸಮಸ್ಯೆಯೆಂದು ತೋರುವ ಈ ಆಯ್ಕೆ ಛಾಯಾಗ್ರಹಣದ ಮೊದಲ ದಶಕಗಳಷ್ಟು ಹಳೆಯದು. ಯಾವ ಚಿತ್ರ ಉಳಿಯಿತು, ಯಾವುದು ಉಳಿಯಲಿಲ್ಲ ಎಂಬುದನ್ನು ಅನೇಕ ಬಾರಿ ಲೆನ್ಸಿನ ಗುಣಕ್ಕಿಂತ ಹೊರೆಯ ತೂಕವೇ ನಿರ್ಧರಿಸಿದೆ.

ಇದಕ್ಕೊಂದು ಸಾಕ್ಷಿ ಹಂಪಿಯಲ್ಲಿದೆ. ವಿಠ್ಠಲ ದೇವಾಲಯದ ಕಲ್ಲಿನ ರಥ 2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಮೂಲಕ ದೇಶಕ್ಕೆಲ್ಲ ಪರಿಚಿತ. ಇಂದು ಕಾಣುವ ರಥಕ್ಕೆ ಶಿಖರವಿಲ್ಲ. ಆದರೆ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಚಿತ್ರದಲ್ಲಿ ಅದರ ಮೇಲೊಂದು ಇಟ್ಟಿಗೆಯ ಶಿಖರ ಎದ್ದು ಕಾಣುತ್ತದೆ. ಮುಂದೆ ಆ ಶಿಖರ ಇಲ್ಲವಾಯಿತು. ಅದರ ರೂಪ ಉಳಿದಿರುವುದು ಮೇಣ ಹಚ್ಚಿದ ಒಂದು ಕಾಗದದ ನೆಗೆಟಿವ್‌ನಿಂದಾಗಿ.

ಕಾಗದ ಎಂಬುದನ್ನು ಗಮನಿಸಬೇಕು. ಏಕೆಂದರೆ ಅಷ್ಟರಲ್ಲಾಗಲೇ ಅದಕ್ಕಿಂತ ಮುಂದುವರಿದ ವಿಧಾನವೊಂದು ಬಂದಿತ್ತು. 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವ ಹರಡಿ ಚಿತ್ರ ತೆಗೆಯುವ ಕ್ರಮವನ್ನು ಪ್ರಕಟಿಸಿದ್ದ. ಕೂದಲೆಳೆಯಷ್ಟು ಸೂಕ್ಷ್ಮ ವಿವರವೂ ಅದರಲ್ಲಿ ಮೂಡುತ್ತಿತ್ತು. ತೊಡಕೆಂದರೆ, ಪ್ಲೇಟಿಗೆ ರಾಸಾಯನಿಕ ಹಚ್ಚುವುದು, ಚಿತ್ರ ತೆಗೆಯುವುದು, ತೊಳೆಯುವುದು ಎಲ್ಲವೂ ಒದ್ದೆ ಆರುವ ಮೊದಲೇ, ಕೆಲವೇ ನಿಮಿಷಗಳಲ್ಲಿ ಮುಗಿಯಬೇಕಿತ್ತು. ಹಾಗಾಗಿ ಹೋದಲ್ಲೆಲ್ಲ ಕತ್ತಲೆ ಗುಡಾರ, ಸೀಸೆಗಳು, ನೀರು, ಗಾಜಿನ ಪೆಟ್ಟಿಗೆಗಳು ಜತೆಗೇ ಬರಬೇಕಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ರೂಪಿಸಿದ ಮೇಣದ ಕಾಗದವನ್ನಾದರೋ ದಿನಗಳ ಮೊದಲೇ ಸಿದ್ಧಪಡಿಸಿಕೊಳ್ಳಬಹುದಿತ್ತು. ಚಿತ್ರ ತೆಗೆದು ಬಿಡಾರಕ್ಕೆ ಮರಳಿದ ಮೇಲೆ ತೊಳೆಯಬಹುದಿತ್ತು. ಎತ್ತಿನ ಗಾಡಿಯ ಕುಲುಕಾಟಕ್ಕೆ ಅದು ಒಡೆಯುವಂತೆಯೂ ಇರಲಿಲ್ಲ.

ಗ್ರೀನ್‌ಲಾಗಿಂತ ಮೊದಲು ಇದೇ ದಾರಿ ಹಿಡಿದವನು ಬೆಂಗಳೂರಿನಲ್ಲಿದ್ದ ಸೇನಾಧಿಕಾರಿ ಲಿನಿಯಸ್ ಟ್ರೈಪ್. 1854ರ ಡಿಸೆಂಬರಿನಲ್ಲಿ ಹೊರಟು ಅವನು ಹಳೇಬೀಡು, ಬೇಲೂರುಗಳ ದೇವಾಲಯಗಳನ್ನು ಚಿತ್ರಿಸಿದ. 1855ರ ಮದ್ರಾಸ್ ವಸ್ತುಪ್ರದರ್ಶನದಲ್ಲಿ ಅವನ 68 ಚಿತ್ರಗಳು ತೀರ್ಪುಗಾರರ ಮೆಚ್ಚುಗೆ ಪಡೆದವು. ಅದೇ ವರ್ಷ ಬರ್ಮಾಕ್ಕೆ ಹೋದ ಬ್ರಿಟಿಷ್ ನಿಯೋಗದ ಜತೆ ಸಾಗಿ ಇನ್ನೂರಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಅವನು ತಂದದ್ದೂ ಕಾಗದದ ಬಲದಿಂದಲೇ.

ಹಗುರಕ್ಕೆ ತೆರಬೇಕಾದ ಬೆಲೆಯೂ ಇತ್ತು. ಕಾಗದದ ನಾರಿನಿಂದಾಗಿ ಸೂಕ್ಷ್ಮ ಗೆರೆಗಳು ಮಸುಕಾಗುತ್ತಿದ್ದವು. ಬೆಳಕಿಗೆ ಒಡ್ಡುವ ಅವಧಿ ನಿಮಿಷಗಟ್ಟಲೆ ಬೇಕಾಗುತ್ತಿದ್ದುದರಿಂದ ಅಲುಗಾಡುವುದು ಯಾವುದೂ ಅದರಲ್ಲಿ ನಿಲ್ಲುತ್ತಿರಲಿಲ್ಲ. ಕಲ್ಲಿನ ಕಂಬಗಳು ಉಳಿದವು. ಅವುಗಳ ನಡುವೆ ಓಡಾಡುತ್ತಿದ್ದ ಜನ ಬಹುಮಟ್ಟಿಗೆ ಉಳಿಯಲಿಲ್ಲ.

ಭಾರವನ್ನೇ ಆರಿಸಿಕೊಂಡವರೂ ಇದ್ದರು. ಸ್ಯಾಮ್ಯುಯೆಲ್ ಬೋರ್ನ್ 1863ರಿಂದ ಹಿಮಾಲಯದಲ್ಲಿ ಮೂರು ದೀರ್ಘ ಪ್ರವಾಸಗಳನ್ನು ಕೈಗೊಂಡದ್ದು ಗಾಜಿನ ಪ್ಲೇಟುಗಳೊಂದಿಗೆ. 1866ರಲ್ಲಿ ಸುಮಾರು 18,600 ಅಡಿ ಎತ್ತರದ ಮಣಿರಂಗ್ ಕಣಿವೆದಾರಿಯಲ್ಲಿ ಅವನು ಚಿತ್ರ ತೆಗೆದ. ಚಿತ್ರಗಳ ಸ್ಫುಟತೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಆದರೆ ಆ ಭಾರ ಅವನ ಹೆಗಲ ಮೇಲಿರಲಿಲ್ಲ. ಹತ್ತಾರು ಕೂಲಿಗಳ ಬೆನ್ನ ಮೇಲಿತ್ತು. ಕ್ಯಾಮೆರಾದ ತೂಕದ ಮಾತು ಬಂದಾಗ ಅದನ್ನು ಹೊರುವವರಾರು ಎಂಬುದನ್ನೂ ಕೇಳಬೇಕಾಗುತ್ತದೆ.

ಹೊರುವವರಿಲ್ಲದ ಒಬ್ಬ ಸಾಮಾನ್ಯ ನೌಕರನಿಂದಲೇ ಮುಂದಿನ ಬದಲಾವಣೆ ಬಂದದ್ದು ಸಹಜವಾಗಿದೆ. ಜರ್ಮನಿಯ ವೆಟ್ಜ್ಲರ್ ಪಟ್ಟಣದಲ್ಲಿ ಸೂಕ್ಷ್ಮದರ್ಶಕಗಳನ್ನು ತಯಾರಿಸುತ್ತಿದ್ದ ಲೈಟ್ಜ್ ಕಾರ್ಖಾನೆಗೆ 1911ರಲ್ಲಿ ಸೇರಿದ ಆಸ್ಕರ್ ಬಾರ್ನಾಕ್‌ಗೆ ಕಾಡುಮೇಡು ಸುತ್ತುವ ಹವ್ಯಾಸ, ಜತೆಗೆ ಆಸ್ತಮಾ. 13×18 ಸೆಂಟಿಮೀಟರಿನ ಪ್ಲೇಟು ಕ್ಯಾಮೆರಾ ಹೊತ್ತು ಗುಡ್ಡವೇರುವುದು ಅವನಿಂದಾಗದ ಕೆಲಸ. ಸಿನಿಮಾಕ್ಕೆ ಬಳಸುತ್ತಿದ್ದ 35 ಮಿಲಿಮೀಟರ್ ಫಿಲ್ಮನ್ನು ಅಡ್ಡಲಾಗಿ ಹಾಯಿಸಿ, ಸಿನಿಮಾದ ಎರಡು ಚೌಕಟ್ಟುಗಳ ಜಾಗವನ್ನು ಒಂದಾಗಿಸಿ, 24×36 ಮಿಲಿಮೀಟರಿನ ಪುಟ್ಟ ನೆಗೆಟಿವ್ ಕೊಡುವ ಯಂತ್ರವೊಂದನ್ನು ಅವನು 1913-14ರ ಹೊತ್ತಿಗೆ ಮಾಡಿದ. ಅದರ ವಿಸ್ತೀರ್ಣ ಹಳೆಯ ಪ್ಲೇಟಿನ 27ರಲ್ಲಿ ಒಂದು ಪಾಲು ಮಾತ್ರ. ಕೊರತೆ ತುಂಬಲು ಅದೇ ಕಾರ್ಖಾನೆಯ ಮ್ಯಾಕ್ಸ್ ಬೆರೆಕ್ ಹೆಚ್ಚು ಚುರುಕಾದ ಲೆನ್ಸ್ ರೂಪಿಸಿದ. ಯುದ್ಧದಿಂದ ಮುಂದೆ ಹೋದ ಯೋಜನೆಗೆ 1924ರಲ್ಲಿ ಮಾಲೀಕ ಎರ್ನ್‌ಸ್ಟ್ ಲೈಟ್ಜ್ ಒಪ್ಪಿಗೆ ಕೊಟ್ಟ. 1925ರ ಲೈಪ್‌ಜಿಗ್ ಮೇಳದಲ್ಲಿ ಅದು ‘ಲೈಕಾ’ ಎಂಬ ಹೆಸರಿನಲ್ಲಿ ಜನರೆದುರು ಬಂತು.

ಈ ಪುಟ್ಟ ಯಂತ್ರ ಏನು ಸಾಧಿಸಬಲ್ಲದೆಂಬುದನ್ನು ಭಾರತವೂ ಕಂಡಿತು. 1932ರಿಂದ ಲೈಕಾ ಹಿಡಿದಿದ್ದ ಫ್ರಾನ್ಸಿನ ಆನ್ರಿ ಕಾರ್ಟಿಯೇ ಬ್ರೆಸ್ಸೋನ್ 1948ರ ಜನವರಿ 30ರಂದು ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿಯನ್ನು ಭೇಟಿಯಾಗಿದ್ದ. ಅದೇ ಸಂಜೆ ಗಾಂಧೀಜಿಯ ಹತ್ಯೆಯಾಯಿತು. ಭವನದ ದ್ವಾರದ ಬಳಿ ನೆಹರೂ ಜನಸ್ತೋಮಕ್ಕೆ ಸಾವಿನ ಸುದ್ದಿ ತಿಳಿಸುತ್ತಿರುವ ಕ್ಷಣವನ್ನು ಅವನು ಇದ್ದ ಬೆಳಕಿನಲ್ಲೇ ಸೆರೆಹಿಡಿದ. ಸ್ಟುಡಿಯೊ ಚಿತ್ರದ ಸ್ಪಷ್ಟತೆ ಅದರಲ್ಲಿಲ್ಲ. ಆ ರಾತ್ರಿಯ ದಿಗ್ಭ್ರಮೆ ಮಾತ್ರ ಇದೆ. ಕಾಲುಮಣೆ ಹೂಡಿ, ಪ್ಲೇಟು ತುಂಬಿ, ನಿಧಾನವಾಗಿ ಹೊಂದಿಸಿಕೊಳ್ಳುವ ಕೆಲಸಕ್ಕೆ ಅಲ್ಲಿ ಎಡೆಯಿರಲಿಲ್ಲ.

ಹಾಗೆಂದು ಹಗುರವೇ ಸದಾ ಗೆದ್ದಿತೆನ್ನಲಾಗದು. ಅಮೆರಿಕದ ಆನ್ಸೆಲ್ ಆಡಮ್ಸ್ 1927ರ ಏಪ್ರಿಲ್‌ನಲ್ಲಿ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯನ್ನು ಚಿತ್ರಿಸಲು ಹಿಮದಲ್ಲಿ ಹತ್ತಿದ್ದು ದೊಡ್ಡ ಕ್ಯಾಮೆರಾ ಮತ್ತು 12 ಗಾಜಿನ ಪ್ಲೇಟುಗಳನ್ನು ಹೊತ್ತು. ಕೊನೆಯ ಪ್ಲೇಟಿನಲ್ಲಿ ಮೂಡಿದ ಚಿತ್ರವೇ ಅವನಿಗೆ ಹೆಸರು ತಂದಿತು. ಬಂಡೆ ಓಡಿಹೋಗುವುದಿಲ್ಲ, ಅದರ ಮೈಮೇಲಿನ ಒಂದೊಂದು ಬಿರುಕೂ ಬೇಕಾದವನಿಗೆ ದೊಡ್ಡ ನೆಗೆಟಿವ್ ಅನಿವಾರ್ಯವಾಗಿತ್ತು.

ಡಿಜಿಟಲ್ ಕ್ಯಾಮೆರಾ ಹುಟ್ಟಿದ್ದೂ ಭಾರವಾಗಿಯೇ. ಕೊಡ್ಯಾಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಜೋಡಿಸಿದ ಮೊದಲ ಮಾದರಿ ಸುಮಾರು 3.6 ಕಿಲೊ ತೂಗುತ್ತಿತ್ತು. ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. 1991ರಲ್ಲಿ ಅದೇ ಸಂಸ್ಥೆ ಮಾರಾಟಕ್ಕೆ ತಂದ ವೃತ್ತಿಪರರ ಕ್ಯಾಮೆರಾಕ್ಕೆ ಹೆಗಲಿಗೆ ನೇತುಹಾಕಿಕೊಳ್ಳುವ ಸಂಗ್ರಹ ಪೆಟ್ಟಿಗೆಯೊಂದು ಅಂಟಿಕೊಂಡೇ ಇತ್ತು. ಮುಂದೆ ಯಂತ್ರ ಕುಗ್ಗಿತು. ಲೆನ್ಸಿನಿಂದ ಬಂದ ಬಿಂಬವನ್ನು ಕಣ್ಣಿಗೆ ತಿರುಗಿಸುವ ಒಳಗನ್ನಡಿಯನ್ನೇ ತೆಗೆದುಹಾಕಿ 2008ರಲ್ಲಿ ಪ್ಯಾನಾಸೋನಿಕ್ ತಂದ ಜಿ1 ಮಾದರಿಯ ತೂಕ ಲೆನ್ಸ್ ಬಿಟ್ಟರೆ 385 ಗ್ರಾಂ. 2016ರಲ್ಲಿ ಬಂದ ನಿಕಾನ್ ಡಿ5 ಬ್ಯಾಟರಿ ಸೇರಿ ಸುಮಾರು 1.4 ಕಿಲೊ.

ಈ ಅಂತರಕ್ಕೆ ಕನ್ನಡಿಯೊಂದೇ ಕಾರಣವಲ್ಲ. ಬೆಳಕು ಹಿಡಿಯುವ ಸೆನ್ಸರ್ ಜಿ1ರಲ್ಲಿ 17.3×13 ಮಿಲಿಮೀಟರ್, ಡಿ5ರಲ್ಲಿ ಅದರ ಸುಮಾರು ನಾಲ್ಕು ಪಟ್ಟು. ಚಿಕ್ಕ ಸೆನ್ಸರಿನ ಮೇಲೆ ಬೀಳುವ ಒಟ್ಟು ಬೆಳಕು ಕಡಿಮೆ. ಕತ್ತಲಲ್ಲಿ ಚಿತ್ರ ಮರಳು ಮರಳಾಗುತ್ತದೆ. ಪ್ರತಿಯಾಗಿ, ದೊಡ್ಡ ಸೆನ್ಸರಿಗೆ 600 ಮಿಲಿಮೀಟರ್ ಲೆನ್ಸ್ ತೋರಿಸುವ ದೂರದ ನೋಟವನ್ನು ಇದು 300 ಮಿಲಿಮೀಟರ್ ಲೆನ್ಸಿನಲ್ಲೇ ಕೊಡುತ್ತದೆ. ಚೀಲ ನಿಜವಾಗಿ ಹಗುರಾಗುವುದು ಇಲ್ಲಿ.

ಕುತೂಹಲದ ಸಂಗತಿಯೆಂದರೆ, ಇಂದು ‘ಫುಲ್ ಫ್ರೇಮ್’ ಎಂದು ಗೌರವದಿಂದ ಕರೆಯುವ ಆ ದೊಡ್ಡ ಸೆನ್ಸರಿನ ಅಳತೆ ಬಾರ್ನಾಕ್‌ನ 24×36 ಮಿಲಿಮೀಟರೇ. ಉಸಿರಾಟದ ತೊಂದರೆಯಿದ್ದವನೊಬ್ಬ ಹಗುರಕ್ಕಾಗಿ ಮಾಡಿಕೊಂಡ ರಾಜಿ ನೂರು ವರ್ಷದಲ್ಲಿ ಪೂರ್ಣತೆಯ ಮಾನದಂಡವಾಗಿದೆ. ಅದಕ್ಕಿಂತ ಚಿಕ್ಕದೆಲ್ಲ ರಾಜಿಯೆನಿಸಿಕೊಂಡಿದೆ. ಹಾಗಾಗಿ ಯಾವ ಕ್ಯಾಮೆರಾ ಶ್ರೇಷ್ಠ ಎಂಬ ಪ್ರಶ್ನೆಗಿಂತ, ಯಾವ ಚಿತ್ರಕ್ಕೆ, ಯಾರ ಹೆಗಲ ಮೇಲೆ ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ. ನಾಗರಹೊಳೆಯಲ್ಲಿ ಮುಸ್ಸಂಜೆ ಹುಲಿಗಾಗಿ ಕಾಯುವವರ ಭಾರವನ್ನು ಜೀಪು ಹೊರುತ್ತದೆ; ಅವರಿಗೆ ದೊಡ್ಡ ಯಂತ್ರವೇ ಸರಿ. ಕುಮಾರ ಪರ್ವತವನ್ನು ಕಾಲ್ನಡಿಗೆಯಲ್ಲಿ ಹತ್ತುವವರಿಗೆ, ಮೊಣಕಾಲು ನೋವಿದ್ದೂ ಊರೂರು ತಿರುಗಿ ಹಳೆಯ ಗುಡಿಗಳನ್ನು ದಾಖಲಿಸುವವರಿಗೆ ಲೆಕ್ಕ ಬೇರೆ. ಮನೆಯ ಕಪಾಟಿನಲ್ಲೇ ಉಳಿದ ಕ್ಯಾಮೆರಾ ಎಷ್ಟೇ ಮುಂದುವರಿದದ್ದಾದರೂ ಚಿತ್ರ ತೆಗೆಯುವುದಿಲ್ಲ.