ಯಾರು ಬಂದಾರ? ಒಬ್ಬರೋ, ಹತ್ತು ಮಂದಿಯೋ?

ನಮ್ಮ ಗಡಹಿಂಗ್ಲಜದ ಕಡೆ ಕನ್ನಡದಲ್ಲಿ 'ಯಾರು ಬಂದಾರ?' ಎಂದು ಕೇಳಿದರೆ ಬಂದವರು ಒಬ್ಬರೋ ಹತ್ತು ಮಂದಿಯೋ ತಿಳಿಯುವುದಿಲ್ಲ. ಗಂಡೋ ಹೆಣ್ಣೋ ಅದೂ ತಿಳಿಯುವುದಿಲ್ಲ. ಬಂದವರು ಯಾರೇ ಇರಲಿ, ಕ್ರಿಯಾಪದ ಬಹುವಚನದಲ್ಲಿಯೇ ನಿಲ್ಲುತ್ತದೆ. ಹಲವರೆಂದು ಖಾತ್ರಿಯಿದ್ದರೆ 'ಯಾರ್ಯಾರು' ಎನ್ನುತ್ತೇವೆ.

ಇದು ನಿನ್ನೆ ಮೊನ್ನೆಯ ರೂಢಿಯಲ್ಲ. ಹಳಗನ್ನಡದಲ್ಲಿ ಈ ಶಬ್ದ 'ಆರ್' ಎಂದಿತ್ತು. 'ಅವರ್' ಎಂಬಲ್ಲಿರುವ ಬಹುವಚನದ ರಕಾರವೇ ಇದರಲ್ಲಿಯೂ ಇದೆ. ಆದರೂ ಒಬ್ಬನನ್ನೇ ಕುರಿತು 'ನೀನಾರ್?' ಎಂದು ಕೇಳುತ್ತಿದ್ದರು. 13ನೆಯ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ' ಬರೆಯುವ ಹೊತ್ತಿಗೆ ಇದು ಹಳೆಯ ಬಳಕೆಯೇ ಆಗಿತ್ತು. ಏಕವಚನಕ್ಕೆ 'ಆವನ್' ಬೇರೆ ಇತ್ತು; ಅದೇ ನಮ್ಮ 'ಯಾಂವ'. ಈಗ 'ಯಾಂವ ಅಂವ?' ಎಂದರೆ ಜಗಳಕ್ಕೆ ಕರೆದಂತೆ!

ಮರಾಠಿಯ ದಾರಿ ಬೇರೆ. 'ಕೋಣ ಆಲಾ?' ಎಂದರೆ ಒಬ್ಬ ಗಂಡಸು, 'ಕೋಣ ಆಲೇ?' ಎಂದರೆ ಹಲವರು. ಏನೂ ಗೊತ್ತಿಲ್ಲದಿದ್ದರೆ ನಪುಂಸಕಲಿಂಗ, ಏಕವಚನ: 'ಕೋಣ ಆಲಂ?' ಅದರಲ್ಲಿ ಅಗೌರವವೇನೂ ಇಲ್ಲ. ಮರಾಠಿ ಶಾಲೆಗೆ ಹೋಗುವ ನನ್ನ ಮೊಮ್ಮಗಳು ಸಂಕೇಶ್ವರದ ಬೀಗರು ಬಂದಾಗ 'ಅಜ್ಜಾ, ಯಾರೋ ಬಂತು' ಅಂದಳು. ಕನ್ನಡದಲ್ಲಿ 'ಬಂತು' ಎನ್ನುವುದು ನಾಯಿಗೆ, ಬಸ್ಸಿಗೆ, ಮಳೆಗೆ. ಬೀಗರು ನಕ್ಕರು, ಆದರೆ ಮುಖ ಸಣ್ಣದಾಯಿತು. ಹುಡುಗಿಯದೇನು ತಪ್ಪು? ಕೊಲ್ಹಾಪುರ ಸಂಸ್ಥಾನ 1949ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರುವ ಮೊದಲೂ ಇಲ್ಲಿಯ ಕಚೇರಿಯ ಮಾತು ಮರಾಠಿಯೇ. 1960ರಲ್ಲಿ ಮಹಾರಾಷ್ಟ್ರ ರಾಜ್ಯವಾದ ಮೇಲಂತೂ ಕೇಳುವುದೇ ಬೇಡ.

ಈ ಬೆರಕೆಯನ್ನು ವಿದ್ವಾಂಸರು ಅಳೆದು ನೋಡಿದ್ದಾರೆ. ಸಾಂಗಲಿ ಹತ್ತಿರದ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಒಂದೇ ಊರಿನಲ್ಲಿ ಬಾಳಿದವು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಅಲ್ಲಿ ಶಬ್ದಗಳು ಬೇರೆಬೇರೆ ಉಳಿದು ವಾಕ್ಯದ ಅಚ್ಚು ಬಹುಮಟ್ಟಿಗೆ ಒಂದೇ ಆಗಿತ್ತು. 'ಊಟ ಆತೇನು?', 'ಜೇವಣ ಝಾಲಂ ಕಾಯ?' ಎರಡರಲ್ಲಿಯೂ ಪ್ರಶ್ನೆಯ ಶಬ್ದ ಕೊನೆಗೇ ಬರುತ್ತದಲ್ಲವೆ? ಶಬ್ದಗಳು ಮಾತ್ರ ಏಕೆ ಬೆರೆಯಲಿಲ್ಲ? ಮನೆಯ ಮಾತೇ ಅವರವರ ಗುರುತಾಗಿತ್ತು ಎಂಬುದು ಅವರ ವಿವರಣೆ.

ಆದರೆ ಅಚ್ಚು ಎಲ್ಲ ಕಡೆಗೂ ಕೂಡುವುದಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಇದು ದಿನವೂ ಕಿವಿಗೆ ಬೀಳುವ ಮಾತು. ಮರಾಠಿಯವರು 'ಕಿತೀ ರುಪಯೇ ಝಾಲೇ?' ಎಂದು ಬಹುವಚನದಲ್ಲಿ ಕೇಳುತ್ತಾರೆ. ನಮ್ಮವರಿಗೆ ಹತ್ತು ಸಾವಿರವಾದರೂ 'ಎಷ್ಟು ರೂಪಾಯಿ ಆತು?', ಏಕವಚನವೇ. ಅದೇ ರೈತರು ಸಾಲದ ಅರ್ಜಿಗೆ ಬಂದಾಗ 'ಎಮ್ಮಿ ಎಷ್ಟು ಅದಾವ?' ಎಂದರೆ ಬಹುವಚನ. ರೊಕ್ಕ ಒಂದು ರಾಶಿ, ಎಮ್ಮೆಗಳದು ತಲೆಲೆಕ್ಕ. ಮೊಮ್ಮಗಳು ಕೂಡ ಅಂಗಡಿಯಲ್ಲಿ ಈಗಲೂ 'ಎಷ್ಟಾತ್ರಿ?' ಎಂದೇ ಕೇಳುತ್ತಾಳೆ.